ಚಿತ್ರ ಸಿಗುವ ಮೊದಲು

ಐವತ್ತೈದರ ಆಸುಪಾಸಿನ ಒಬ್ಬ ಮಾಸ್ತರರನ್ನು ಊಹಿಸಿಕೊಳ್ಳಿ. ಎಂದೂ ಒಂದು ಕೆಟ್ಟ ಮಾತಾಡಿದವರಲ್ಲ. ಈಗ ಬೀಗರ ಮುಂದೆಯೇ ಅಸಹ್ಯವಾಗಿ ಮಾತಾಡುತ್ತಾರೆ. ಫೇಡೆ ಅಂಗಡಿಯಲ್ಲಿ ರೊಕ್ಕ ಕೊಡದೆ ಕೈಹಾಕಿ ತಿನ್ನುತ್ತಾರೆ. ಹೆಂಡತಿ ಜ್ವರದಿಂದ ಮಲಗಿದರೂ ತಿರುಗಿ ನೋಡುವುದಿಲ್ಲ. ನೆನಪು ಚೆನ್ನಾಗಿಯೇ ಇದೆ. ಹಾಗಾಗಿ ಯಾರಿಗೂ ಇದು ರೋಗ ಅನಿಸುವುದಿಲ್ಲ. ‘ವಯಸ್ಸಾದ ಮ್ಯಾಲ ಸೊಕ್ಕು ಬಂತು’ ಎನ್ನುತ್ತದೆ ಓಣಿ. ಹೆಂಡತಿಯೊಬ್ಬರೇ ‘ಇವ್ರು ಹಿಂಗ ಇದ್ದಿಲ್ಲರೀ’ ಎನ್ನುತ್ತಾರೆ.

ಹಣೆಯ ಹಿಂದಿರುವ ಫ್ರಂಟಲ್ ಲೋಬ್ ಸವೆಯುತ್ತ ಹೋಗುವ ಫ್ರಂಟೋಟೆಂಪೊರಲ್ ಡಿಮೆನ್ಶಿಯಾ ಹೀಗೆ ಶುರುವಾಗಬಹುದು, ಹೆಚ್ಚಾಗಿ 45ರಿಂದ 65ರ ನಡುವೆ. ಎಂಆರ್‌ಐ ತೆಗೆದಾಗ ಆ ಭಾಗ ಕುಗ್ಗಿದ್ದು ಕಾಣಿಸಿದರೆ ಮನೆಯವರ ಮುಖ ಬದಲಾಗುತ್ತದೆ. ನಿನ್ನೆಯವರೆಗೆ ಬೈಸಿಕೊಂಡವರು ಇಂದು ರೋಗಿಯಾಗುತ್ತಾರೆ. ಮನುಷ್ಯರು ಅವರೇ, ಮಾಡಿದ್ದೂ ಅದೇ. ನಮ್ಮ ಕರುಣೆಗೆ ಒಂದು ಫಿಲ್ಮಿನ ಸಾಕ್ಷಿ ಬೇಕಾಯಿತಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಆ ಸಾಕ್ಷಿಯಾದರೂ ಸದಾ ಸಿಗುವುದಿಲ್ಲ. ರೋಗದ ಆರಂಭದಲ್ಲಿ ಎಂಆರ್‌ಐ ಸಹಜವಾಗಿಯೇ ಕಾಣಬಹುದು. ಮಿದುಳಿನ ಯಾವ ಭಾಗ ಸಕ್ಕರೆಯನ್ನು ಕಡಿಮೆ ಬಳಸುತ್ತಿದೆ ಎಂದು ತೋರಿಸುವ ಪೆಟ್ ಸ್ಕ್ಯಾನಿನಲ್ಲಿ ಸುಳಿವು ಕೆಲವೊಮ್ಮೆ ಮೊದಲೇ ಸಿಗುತ್ತದೆ, ಆದರೆ ಅದು ದುಬಾರಿ ಪರೀಕ್ಷೆ. ‘ಸ್ಕ್ಯಾನಿಂಗ್ ನಾರ್ಮಲ್ ಐತಿ’ ಎಂಬ ಮಾತನ್ನೇ ಹಿಡಿದು ಮತ್ತೆ ಬೈಗುಳಕ್ಕೆ ಮರಳುವ ಮನೆಗಳಿಗೆ ಏನು ಹೇಳೋಣ? ಇಲ್ಲಿ ಮೊದಲ ಸಾಕ್ಷಿ ಹೆಂಡತಿ. ಆ ಮನುಷ್ಯ ಮೊದಲು ಹೇಗಿದ್ದರು ಎಂಬುದನ್ನು ಯಾವ ಯಂತ್ರವೂ ಹೇಳಲಾರದು.

ಹಣೆಯ ಹಿಂದಿನ ಆ ಭಾಗ ಕೆಟ್ಟರೆ ಸ್ವಭಾವ ಬದಲಾಗುತ್ತದೆ ಎಂಬುದಕ್ಕೆ ಹಳೆಯದೊಂದು ಉದಾಹರಣೆ ಇದೆ. 1848ರ ಸೆಪ್ಟೆಂಬರಿನಲ್ಲಿ, ಅಮೆರಿಕದ ವರ್ಮಾಂಟಿನಲ್ಲಿ ರೈಲುದಾರಿಗೆ ಬಂಡೆ ಸಿಡಿಸುತ್ತಿದ್ದ ಫಿನಿಯಸ್ ಗೇಜ್ ಎಂಬವನ ಕೆನ್ನೆಯಿಂದ ನೆತ್ತಿಗೆ, ಮೀಟರಿಗೂ ಉದ್ದದ ಕಬ್ಬಿಣದ ಸರಳು ತೂರಿಹೋಯಿತು. ಜೀವ ಉಳಿಯಿತು, ಸ್ವಭಾವ ಕೆಟ್ಟಿತು. ವೈದ್ಯ ಹಾರ್ಲೋ ಅದನ್ನು ಬರೆದಿಟ್ಟರು. 1994ರಲ್ಲಿ ಹಾನ್ನಾ ಡಮಾಸಿಯೊ ಮತ್ತು ಸಂಗಡಿಗರು ಅವನ ತಲೆಬುರುಡೆಯ ಅಳತೆಯಿಂದ ಸರಳಿನ ದಾರಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಮೂಡಿಸಿದರು. ಪಠ್ಯಪುಸ್ತಕಗಳು ಹೆಚ್ಚಾಗಿ ಅವನ ಕೆಡುಕನ್ನಷ್ಟೇ ಹೇಳಿ ಸುಮ್ಮನಾಗುತ್ತವೆ. ಅದೇ ಗೇಜ್ ಮುಂದೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆಗಾಡಿ ಹೊಡೆದ. ದಿನಾಲೂ ಅದೇ ಹೊತ್ತು, ಅದೇ ದಾರಿ, ಅದೇ ಕೆಲಸ.

ಗೇಜ್‌ನದು ಗಾಯ, ಮಾಸ್ತರರದು ಬೆಳೆಯುತ್ತಲೇ ಹೋಗುವ ರೋಗ. ಅದನ್ನು ತಡೆಯುವ ಔಷಧ ಇನ್ನೂ ಇಲ್ಲ. ಹಾಗೆಂದು ಚಿತ್ರ ನೋಡಿದ ಕೂಡಲೇ ‘ಇನ್ನೇನೂ ಉಳಿದಿಲ್ಲ’ ಎಂದು ಕೈಚೆಲ್ಲುವುದೂ ಅನ್ಯಾಯವೇ. ಗೇಜ್‌ನ ಕೆಲಸಕ್ಕಿದ್ದಂತೆ ಇಲ್ಲಿಯೂ ಊಟ, ತಿರುಗಾಟಕ್ಕೆ ನಿಗದಿತ ಹೊತ್ತು ಬೇಕು. ರೊಕ್ಕದ ವ್ಯವಹಾರ ನಂಬಿಕಸ್ಥರ ಕೈಗೆ ಹೋಗಬೇಕು. ಅಂಗಡಿಯವರಿಗೆ ಮೊದಲೇ ತಿಳಿಸಿಡಬೇಕು. ಹಗಲಿರುಳು ಕಾಯುವ ಹೆಂಡತಿಗೆ ವಾರಕ್ಕೊಂದು ದಿನವಾದರೂ ಬಿಡುವು ಸಿಗಬೇಕು. ಅದನ್ನು ಹೊಂದಿಸಿಕೊಡಬೇಕಾದವರು ಇಷ್ಟು ದಿನ ಆಡಿಕೊಂಡ ನಾವೇ, ಬಂಧುಗಳು ಮತ್ತು ಓಣಿಯ ಮಂದಿ.