ಎರಡು ಓದು ಬೇಕೆನ್ನುವುದು ತೃಷ್ಣೆಯೇ?



ಇಂದಿನ ಚಿಂತನೆಗೆ ನಮ್ಮ ಬಳಗದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯನ್ನೇ ತೆಗೆದುಕೊಳ್ಳುತ್ತೇನೆ. ಚನ್ನಗಿರಿ ಕಡೆಯವಳು. ತಾಯಿ ಸೀಸನ್ನಿನಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ. ಪಿಯುಸಿ ಮುಗಿಸಿರುವ ಈಕೆಗೆ ಗಣಿತವೂ ಬೇಕು, ಕಂಪ್ಯೂಟರ್ ಸೈನ್ಸೂ ಬೇಕು. ಮನೆಯಲ್ಲಿ "ಬಿಸಿಎ ಮಾಡು, ಬೇಗ ಕೆಲಸ ಸಿಗುತ್ತೆ, ಗಣಿತ ಇಟ್ಕೊಂಡು ಏನು ಮಾಡ್ತೀಯ" ಎನ್ನುತ್ತಾರೆ. ಧಮ್ಮ ಓದಿಕೊಂಡ ಬಂಧುವೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಇರೋದರಲ್ಲಿ ತೃಪ್ತಿ ಇರಬೇಕಮ್ಮ, ಎರಡೆರಡು ಬೇಕನ್ನೋದೇ ತೃಷ್ಣೆ" ಎಂದರಂತೆ. "ಸರ್, ಇದು ತೃಷ್ಣೆನಾ?" ಎಂದು ನನ್ನನ್ನು ಕೇಳಿದಳು.

ನಾನು ಗಣಿತ ಮೇಷ್ಟ್ರಾಗಿದ್ದವನು. ಚನ್ನಗಿರಿ, ಹೊನ್ನಾಳಿ, ಜಗಳೂರು, ನ್ಯಾಮತಿ ಎಲ್ಲ ಕಡೆ ನೀರು ಕುಡಿದಿದ್ದೇನೆ. ನಾನು ಕೆಲಸಕ್ಕೆ ಸೇರಿದಾಗ ದಾವಣಗೆರೆ ಜಿಲ್ಲೆಯೇ ಇರಲಿಲ್ಲ. 1997ರವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ದಾವಣಗೆರೆ ವಿಶ್ವವಿದ್ಯಾನಿಲಯ ಆದದ್ದು 2009ರಲ್ಲಿ. ಹಾಗಾಗಿ ಇಂಥ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುತ್ತಿರುವುದೇ ಹೊಸದು. ಅದಕ್ಕೇ ಅವಸರದ ಉತ್ತರ ಕೊಡಬಾರದು.

ಮೊದಲು ದಾರಿಗಳನ್ನು ತಿಳಿಯೋಣ. ನಮ್ಮಲ್ಲಿ ಬಿಎಸ್ಸಿಗೆ ಪಿಎಂಸಿಎಸ್, ಅಂದರೆ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್, ಹಳೆಯ ಕಾಂಬಿನೇಷನ್. 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ ಎರಡು ಮೇಜರ್, ನಾಲ್ಕು ವರ್ಷದ ಆನರ್ಸ್ ಎಂದರು. 2024ರಲ್ಲಿ ಪ್ರೊ. ಸುಖದೇವ ಥೋರಾಟ್ ಆಯೋಗದ ಮಧ್ಯಂತರ ವರದಿಯ ನಂತರ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇದಲ್ಲದೆ 2022ರ ಏಪ್ರಿಲ್‌ನಲ್ಲಿ ಯುಜಿಸಿ ಒಂದೇ ಕಾಲದಲ್ಲಿ ಎರಡು ಪೂರ್ಣ ಪದವಿ ಓದಲು ಅವಕಾಶ ಕೊಟ್ಟಿತು. ತರಗತಿಯ ವೇಳೆ ಒಂದರ ಮೇಲೊಂದು ಬೀಳಬಾರದು, ಅಷ್ಟೆ. ಒಂದನ್ನು ಕಾಲೇಜಿಗೆ ಹೋಗಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಕೂಡ ಓದಬಹುದು. ಬಸ್ಸಿನಲ್ಲಿ ಓಡಾಡುವ ಮಕ್ಕಳಿಗೆ ಎರಡು ಪ್ರತ್ಯೇಕ ಪದವಿಗಿಂತ ಎರಡು ವಿಷಯವೂ ಇರುವ ಒಂದೇ ಪದವಿ ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನು ಎರಡೂ ಏಕೆ ಬೇಕು? ಒಂದು ಚಿಕ್ಕ ಲೆಕ್ಕ ಹೇಳುತ್ತೇನೆ, ಪೆನ್ನು ಹಿಡಿದುಕೊಳ್ಳಿ. ಯಾವುದಾದರೂ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಅದನ್ನೇ ಕೂಡಿಸಿ, 41 ಸೇರಿಸಿ. 1 ಹಾಕಿದರೆ 43. 2 ಹಾಕಿದರೆ 47. 3 ಹಾಕಿದರೆ 53. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. ಕಂಪ್ಯೂಟರಿಗೆ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ 39ರವರೆಗೂ ಪರೀಕ್ಷಿಸಿ, ಎಲ್ಲವೂ ಅವಿಭಾಜ್ಯವೇ ಎಂದು ತೋರಿಸುತ್ತದೆ. ಅಲ್ಲಿಗೇ ನಿಲ್ಲಿಸಿದವನು ಇದು ಸತ್ಯ ಎಂದು ಊರಿಗೆಲ್ಲ ಸಾರಬಹುದು. 40 ಹಾಕಿ ನೋಡಿ. 1681 ಬರುತ್ತದೆ. ಅದು 41ನ್ನು 41ರಿಂದ ಗುಣಿಸಿದ್ದು. ಯಂತ್ರ ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತಪ್ಪನ್ನು ಅದೇ ಹಿಡಿಯುತ್ತಿತ್ತು. ಆದರೆ ಏಕೆ ಮುರಿಯಿತು ಎಂದು ಹೇಳುವುದು ಗಣಿತ: ನಲವತ್ತು ನಲವತ್ತುಗಳಿಗೆ ಇನ್ನೊಂದು ನಲವತ್ತು ಸೇರಿದರೆ ನಲವತ್ತೊಂದು ನಲವತ್ತುಗಳು. ಅದಕ್ಕೆ 41 ಕೂಡಿದರೆ ನಲವತ್ತೊಂದು ನಲವತ್ತೊಂದುಗಳು. ಕರೆಂಟಿಲ್ಲದ ಮನೆಯಲ್ಲೂ ಇದು ಹೊಳೆಯುತ್ತದೆ.

ಎಷ್ಟು ಸಲ ಹೀಗೇ ಆಯಿತು ಎನ್ನುವುದು ಸಾಕ್ಷಿ, ಸಾಧನೆಯಲ್ಲ. ತಲೆಮಾರುಗಳಿಂದ ನಡೆದುಬಂದಿದೆ ಎಂಬ ಕಾರಣಕ್ಕೇ ಒಂದು ಮಾತನ್ನು ಒಪ್ಪಬೇಡಿ ಎಂದು ಭಗವಾನರು ಕೇಸಪುತ್ತದ ಕಾಲಾಮರಿಗೆ ತಿಳಿಸಿದ್ದನ್ನು ನಾವು ಓದಿದ್ದೇವೆ. ನನಗೆ ಆ ಸುತ್ತ ಚೆನ್ನಾಗಿ ಅರ್ಥವಾದದ್ದು ಇಂಥ ಲೆಕ್ಕಗಳಿಂದಲೇ.

ನಾನಿದ್ದ ಒಂದು ಶಾಲೆಯ ಸ್ಟಾಫ್ ರೂಮಿನಲ್ಲಿ "ಇವರಿಗೆ ಗಣಿತ ಹತ್ತಲ್ಲ ಬಿಡ್ರಿ" ಎಂಬ ಮಾತು ಆಗಾಗ ಬರುತ್ತಿತ್ತು. ಯಾರಿಗೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ಕಡೆ ತಿರುಗಿ "ನೀವೊಬ್ರು ಬೇರೆ ಬಿಡಿ ಸಾರ್" ಎಂದೂ ಸೇರಿಸುತ್ತಿದ್ದರು. ಗಣಿತದಲ್ಲಿ "ಎಲ್ಲರೂ ಹೀಗೆ" ಎಂದ ಮಾತಿಗೆ ಒಂದೇ ಒಂದು ಎದುರು ಉದಾಹರಣೆ ಸಿಕ್ಕರೂ ಆ ಮಾತು ಬಿದ್ದುಹೋಗುತ್ತದೆ. 1681 ಬಂದಾಗ "ಇದೊಂದು ಬೇರೆ ಬಿಡಿ" ಎನ್ನುವವರಿಲ್ಲ. ಜಾತಿಯ ಲೆಕ್ಕದಲ್ಲಿ ಮಾತ್ರ ನಿಯಮ ಉಳಿಯುತ್ತದೆ, ಮನುಷ್ಯ ಅಪವಾದವಾಗುತ್ತಾನೆ.

ಇದರ ಇನ್ನೊಂದು ಮಗ್ಗುಲನ್ನು ನಮ್ಮವರೇ ಮರೆಯುತ್ತಾರೆ. "ಬಾಬಾಸಾಹೇಬರು ಓದಲಿಲ್ವಾ? ನಿನಗೇನಾಗಿದೆ?" ಎಂದು ಮಕ್ಕಳಿಗೆ ಗದರುತ್ತೇವೆ. ಒಬ್ಬರಿಂದ ಆಯಿತು ಎಂಬುದರಿಂದ ಆಗುವುದಿಲ್ಲ ಎಂಬ ಮಾತು ಸುಳ್ಳಾಗುತ್ತದೆ, ನಿಜ. ಆದರೆ ಎಲ್ಲರಿಗೂ ದಾರಿ ತೆರೆದಿದೆ ಎಂದು ಅದರಿಂದ ಸಾಧಿಸಲು ಬರುವುದಿಲ್ಲ. ಬಾಬಾಸಾಹೇಬರ ಓದನ್ನೇ ನೋಡಿ. 1916ರಲ್ಲಿ ಲಂಡನ್ನಿನಲ್ಲಿ ಅವರು ಎರಡು ಕಡೆ ಸೇರಿದರು: ಅರ್ಥಶಾಸ್ತ್ರಕ್ಕೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಕಾನೂನಿಗೆ ಗ್ರೇಸ್ ಇನ್. ಬರೋಡದ ವಿದ್ಯಾರ್ಥಿವೇತನ ಮುಗಿದದ್ದರಿಂದ 1917ರಲ್ಲಿ ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ, ದುಡ್ಡು ಉಳಿಸಿ, ಸಾಲದು ಬಂದದ್ದಕ್ಕೆ ಶಾಹು ಮಹಾರಾಜರ ಮತ್ತು ಗೆಳೆಯರ ನೆರವು ಪಡೆದು 1920ರಲ್ಲಿ ಮತ್ತೆ ಹೋದರು. 1923ರ ಹೊತ್ತಿಗೆ ಡಿಎಸ್ಸಿಯೂ ಆಯಿತು, ಬ್ಯಾರಿಸ್ಟರೂ ಆದರು. ಅಂಥ ಬುದ್ಧಿಗೂ ಹಣ ನಿಂತಾಗ ಓದು ನಿಂತಿತು. ಮುಂಬೈಯಲ್ಲಿ ರಮಾಬಾಯಿಯವರು ಹೇಗೆ ಮನೆ ನಡೆಸಿದರು ಎಂಬುದನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು.

ಈಗ ತೃಷ್ಣೆಯ ಮಾತು. ಪಾಳಿಯಲ್ಲಿ ತಣ್ಹಾ ಬೇರೆ, ಛಂದ ಬೇರೆ. ತಣ್ಹಾ ಹಿಡಿದಿಟ್ಟುಕೊಳ್ಳಲು ಹವಣಿಸುತ್ತದೆ, ಕುಶಲ ಛಂದ ಮಾಡಲು ಹೊರಡುತ್ತದೆ. ಎಷ್ಟು ಬೇಕು ಎಂದು ಎಣಿಸಿ ಇವೆರಡನ್ನು ಬೇರ್ಪಡಿಸಲಾಗದು. ಒಂದೇ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿ ಮೆರೆಯುವುದರಲ್ಲೂ ತೃಷ್ಣೆ ಇರಬಹುದು. ನನಗೆ ಕಸಿವಿಸಿಯಾಗುವುದು ಬೇರೆ ಕಾರಣಕ್ಕೆ. ಹತ್ತೆಕರೆ ತೋಟದವರ ಮಗ ಇಂಜಿನಿಯರಿಂಗ್ ಮುಗಿಸಿ ಎಂಬಿಎಗೆ ಹೋದರೆ ಯಾರೂ ತೃಷ್ಣೆ ಎನ್ನುವುದಿಲ್ಲ. ಅಡಿಕೆ ಸುಲಿಯುವವರ ಮಗಳಿಗೆ ಮಾತ್ರ ಸಂತೃಪ್ತಿಯ ಉಪದೇಶ. ನಮ್ಮನ್ನು ಇದ್ದಲ್ಲೇ ಇರಿಸಲು ಹಿಂದೆ ಕರ್ಮದ ಮಾತಿತ್ತು. ಆ ಕೆಲಸಕ್ಕೆ ಧಮ್ಮದ ಮಾತನ್ನು ನಾವೇ ಒದಗಿಸಬಾರದು.

ದಣಿವು ಬೇರೆ ವಿಷಯ, ಅದನ್ನು ಕಡೆಗಣಿಸುವಂತಿಲ್ಲ. ನಡೆದು ನಡೆದು ಕಾಲಿನಲ್ಲಿ ರಕ್ತ ಬಂದ ಸೋಣ ಭಿಕ್ಕುವಿಗೆ ಭಗವಾನರು ವೀಣೆಯ ತಂತಿಯ ಹೋಲಿಕೆ ಕೊಟ್ಟರು. ಬಿಗಿ ಹೆಚ್ಚಾದರೂ ನಾದವಿಲ್ಲ, ಸಡಿಲವಾದರೂ ಇಲ್ಲ. ಜಗಳೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗನ ತಂತಿ ಹಾಸ್ಟೆಲಿನಲ್ಲಿ ಇರುವವನ ತಂತಿಗಿಂತ ಮೊದಲೇ ಬಿಗಿಯಾಗಿರುತ್ತದೆ. ಅದನ್ನು ಸಡಿಲಿಸುವುದು ಅವನೊಬ್ಬನ ಕೈಯಲ್ಲಿಲ್ಲ. ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನದ ಅರ್ಜಿ, ಒಂದು ಹಳೆಯ ಲ್ಯಾಪ್‌ಟಾಪ್, ಪರೀಕ್ಷೆಯ ತಿಂಗಳಲ್ಲಿ ಮನೆಗೆಲಸದಿಂದ ಬಿಡುವು, ಇವು ನಮ್ಮ ಕೈಯಲ್ಲಿವೆ. ನಡುವೆ ಒಂದು ವಿಷಯ ಬಿಡಬೇಕಾಗಿ ಬಂದರೂ 1917 ಮತ್ತು 1920ರ ನಡುವಿನ ಮೂರು ವರ್ಷಗಳನ್ನು ಆ ಮಕ್ಕಳಿಗೆ ನೆನಪಿಸಿ.

ಹುಡುಗಿಗೆ "ತೃಷ್ಣೆಯಲ್ಲಮ್ಮ, ಅರ್ಜಿ ಹಾಕು" ಎಂದೆ. ಅವಳ ತಾಯಿಯ ಹತ್ತಿರ ಮಾತಾಡಲು ಭಾನುವಾರ ಹೋಗುತ್ತಿದ್ದೇನೆ. ನಮ್ಮ ಬಳಗದ ತಾಯಂದಿರು ಒಬ್ಬಿಬ್ಬರು ಜೊತೆಗೆ ಬಂದರೆ ಒಳ್ಳೆಯದು. ಮೊದಲ ಸೆಮಿಸ್ಟರಿನ ಬೀಜಗಣಿತ, ಸಿ ಪ್ರೋಗ್ರಾಮಿಂಗ್ ಪುಸ್ತಕಗಳು ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ ವಂದನೆಗೆ ಬರುವಾಗ ತನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.