ಬೈಬಲ್ ಓದುವುದನ್ನು ಎಲ್ಲಿಂದ ಶುರು ಮಾಡಬೇಕು?



ಬೆಟ್ಟ ಹತ್ತಿ ಬಂದು, ಮಾತೆಯ ಮುಂದೆ ಮೇಣದಬತ್ತಿ ಹಚ್ಚಿ, ಹರಕೆ ತೀರಿಸಿ, ಇಳಿಯುವ ಮುಂಚೆ ನಮ್ಮ ಕಚೇರಿಯ ಕಿಟಕಿಯಲ್ಲಿ ನೀವು ಕೊಳ್ಳುವ ವಸ್ತುಗಳಲ್ಲಿ ಜಪಸರ ಬಿಟ್ಟರೆ ಹೆಚ್ಚಾಗಿ ಹೋಗುವುದು ಬೈಬಲ್. ರಸೀದಿ ಬರೆಯುವವನು ನಾನೇ ಆದ್ದರಿಂದ ನನಗೆ ಗೊತ್ತು. ಮರು ವರ್ಷ ಅದೇ ಜನ ಬಂದಾಗ "ಓದಿದಿರಾ?" ಎಂದು ಕೇಳಿದರೆ ನಗುತ್ತಾರೆ. "ಪೀಠದ ಮೇಲೆ ಇಟ್ಟಿದ್ದೀವಿ, ದಿನಾ ಹೂವು ಇಡ್ತೀವಿ" ಅನ್ನುತ್ತಾರೆ ಕೆಲವರು. "ಶುರು ಮಾಡಿದ್ವಿ ಅಣ್ಣಾ, ಮುಂದಕ್ಕೆ ಹೋಗ್ಲಿಲ್ಲ" ಅನ್ನುತ್ತಾರೆ ಇನ್ನು ಕೆಲವರು. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ನಾನು ಓದಿದ್ದು ಪಿಯುಸಿ. ಪಂಡಿತನಲ್ಲ, ಬೋಧಕನೂ ಅಲ್ಲ. ಈ ಪುಸ್ತಿಕೆಗೆ ಎರಡು ಪುಟ ಬರೆದುಕೊಡು ಎಂದು ಗುರುಗಳು ಹೇಳಿದ್ದರಿಂದ ಬರೆಯುತ್ತಿದ್ದೇನೆ. ನನಗೆ ಕಲಿಸಿದವರು ಒಬ್ಬ ತಾಯಿ. ಮೊದಲು ಅವರ ವಿಷಯ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಹಬ್ಬ ಮುಗಿದ ವಾರ, ಜನ ಕಡಿಮೆ ಇದ್ದ ಒಂದು ಮಧ್ಯಾಹ್ನ ಅವರು ಕಿಟಕಿಯ ಹತ್ತಿರ ಬಂದು ನಿಂತರು. ಮಗನ ಆತ್ಮಶಾಂತಿಗಾಗಿ ಬಲಿಪೂಜೆಗೆ ಹೆಸರು ಬರೆಸಬೇಕಿತ್ತು. ಬೈಕ್ ಅಪಘಾತ, ಇಪ್ಪತ್ತೆರಡು ವರ್ಷದ ಹುಡುಗ. ಹೆಸರು ಬರೆದು ರಸೀದಿ ಹರಿದು ಕೊಟ್ಟೆ. ಆದರೂ ಅವರು ಹೋಗಲಿಲ್ಲ. ಚೀಲದಿಂದ ಬೈಬಲ್ ತೆಗೆದು, ಮೂಲೆ ಮಡಿಸಿದ್ದ ಒಂದು ಪುಟ ತೋರಿಸಿದರು. "ನೋಡಿ ಅಣ್ಣಾ, ದೇವರೇ ಹೇಳಿಬಿಟ್ಟಿದ್ದಾರೆ. ನನ್ನ ಮಗ ಪಾಪ ಮಾಡಿದ್ದಕ್ಕೇ ಹೋದನಂತೆ" ಅಂದರು. ಕಣ್ಣು ಮುಚ್ಚಿ ಪ್ರಾರ್ಥಿಸಿ, ಬೈಬಲ್ ತೆರೆದು ಬೆರಳಿಟ್ಟರೆ, ಬೆರಳು ಬಿದ್ದ ಕಡೆ ಇರುವುದೇ ದೇವರ ಉತ್ತರ ಎಂದು ಯಾರೋ ಅವರಿಗೆ ಹೇಳಿಕೊಟ್ಟಿದ್ದರಂತೆ. ಬೆರಳು ಬಿದ್ದದ್ದು ಯೋಬನ ಗ್ರಂಥದ 8ನೇ ಅಧ್ಯಾಯ, 4ನೇ ವಚನದ ಮೇಲೆ. ನಾನೂ ಓದಿದೆ. ನಿನ್ನ ಮಕ್ಕಳು ಪಾಪ ಮಾಡಿದ್ದರಿಂದ ದೇವರು ಅದರ ಫಲ ಅನುಭವಿಸಲು ಬಿಟ್ಟರು ಎಂಬ ಅರ್ಥದ ಮಾತು ಅಲ್ಲಿ ನಿಜವಾಗಿಯೂ ಇತ್ತು.

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. "ಹಾಗೆಲ್ಲ ಅಂದುಕೋಬೇಡಿ ಅಮ್ಮಾ" ಅಂದೆ ಅಷ್ಟೇ. ಯಾಕೆ ಅಂದುಕೋಬಾರದು ಎಂದು ಹೇಳಲು ಗೊತ್ತಿರಲಿಲ್ಲ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಮೆಟ್ಟಿಲು ಇಳಿದು ಹೋದರು. ಇಷ್ಟು ವರ್ಷ ಬೈಬಲ್ ಮಾರಿದವನು ನಾನು, ಒಳಗೆ ಏನಿದೆ ಎಂದು ಕೇಳಿದರೆ ನನಗೇ ತಿಳಿಯದು. ಆ ರಾತ್ರಿ ಊಟ ಸೇರಲಿಲ್ಲ.

ಅವತ್ತಿನಿಂದ ಯೋಬನ ಗ್ರಂಥ ಓದಲು ಕೂತೆ. 42 ಅಧ್ಯಾಯಗಳು. ದಿನಕ್ಕೆ ನಾಲ್ಕೈದರಂತೆ ಒಂಬತ್ತು ರಾತ್ರಿ ಹಿಡಿಯಿತು. ಓದುತ್ತಾ ಓದುತ್ತಾ ತಿಳಿಯಿತು: ಆ ಮಾತು ದೇವರು ಹೇಳಿದ್ದೇ ಅಲ್ಲ! ಹೇಳಿದವನು ಬಿಲ್ದದ, ಯೋಬನ ಮೂವರು ಗೆಳೆಯರಲ್ಲಿ ಒಬ್ಬ. ಯೋಬನಿಗೆ ಏಳು ಗಂಡು, ಮೂರು ಹೆಣ್ಣು ಮಕ್ಕಳು. ಬಿರುಗಾಳಿಗೆ ಮನೆ ಕುಸಿದು ಹತ್ತೂ ಜನ ಒಂದೇ ದಿನ ಸತ್ತರು. ಯೋಬ ನಿರ್ದೋಷಿ ಎಂದು ಗ್ರಂಥದ ಆರಂಭದಲ್ಲೇ ಬರೆದಿದೆ. ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. (ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಅಂತ ನನಗನ್ನಿಸುತ್ತದೆ. ಸಾವಿನ ಮನೆಗೆ ಹೋದಾಗ ನಾವೂ ಕಲಿಯಬಹುದು.) ಆಮೇಲೆ ಬಾಯಿ ಬಿಟ್ಟರು ನೋಡಿ, ನೀನೇ ಏನೋ ತಪ್ಪು ಮಾಡಿರಬೇಕು, ನಿನ್ನ ಮಕ್ಕಳು ಮಾಡಿರಬೇಕು ಎಂದು ಅಧ್ಯಾಯದ ಮೇಲೆ ಅಧ್ಯಾಯ. ಕೊನೆಯ ಅಧ್ಯಾಯದ 7ನೇ ವಚನಕ್ಕೆ ಬಂದರೆ, ದೇವರು ಆ ಗೆಳೆಯರ ಮೇಲೆಯೇ ಸಿಟ್ಟಾಗುತ್ತಾರೆ. ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ ಎನ್ನುತ್ತಾರೆ. ಅಂದರೆ ಆ ತಾಯಿ ಯಾವ ಮಾತನ್ನು ದೇವರ ತೀರ್ಪು ಎಂದು ಎದೆಯಲ್ಲಿ ಹೊತ್ತುಕೊಂಡು ತಿರುಗುತ್ತಿದ್ದರೋ, ಅದನ್ನು ದೇವರೇ ತಪ್ಪು ಎಂದು ತಳ್ಳಿಹಾಕಿದ್ದಾರೆ. ಆದರೆ ಅದು ಮೂವತ್ತನಾಲ್ಕು ಅಧ್ಯಾಯ ಮುಂದೆ ಇದೆ.

ಆದ್ದರಿಂದ ಕೈಮುಗಿದು ಕೇಳಿಕೊಳ್ಳುತ್ತೇನೆ, ಶಕುನ ನೋಡುವ ಹಾಗೆ ಬೈಬಲ್ ತೆರೆಯಬೇಡಿ. ಅಣ್ಣ ಬರೆದ ಪತ್ರ ಬಂದರೆ ನಡುವಿನ ಒಂದು ಸಾಲು ಓದಿ ಮಡಿಸಿ ಇಡುತ್ತೀರಾ? ಯಾವ ಮಾತು ಓದಿದರೂ ನಾಲ್ಕು ಪ್ರಶ್ನೆ ಕೇಳಿ. ಯಾರು ಹೇಳಿದ್ದು? ಯಾರಿಗೆ ಹೇಳಿದ್ದು? ಅದಕ್ಕೆ ಮೊದಲು ಏನಾಗಿತ್ತು? ಆಮೇಲೆ ಏನಾಯಿತು? ಅಧ್ಯಯನ ಅಧ್ಯಯನ ಅಂತ ದೊಡ್ಡವರು ಹೇಳುವುದು ಇಲ್ಲಿಂದಲೇ ಶುರುವಾಗುತ್ತದೆ. ಇದಕ್ಕೆ ಡಿಗ್ರಿ ಬೇಕಾಗಿಲ್ಲ.

ಇನ್ನೊಂದು ವಿಷಯ. ಬೈಬಲ್ ಒಂದೇ ಪುಸ್ತಕ ಅಲ್ಲ. ಆ ಹೆಸರು ಬಂದಿರುವ ಗ್ರೀಕ್ ಪದದ ಅರ್ಥವೇ ಪುಸ್ತಕಗಳು ಎಂದು. ನಮ್ಮ ಕಥೋಲಿಕ ಬೈಬಲ್‌ನಲ್ಲಿ ಹಳೆಯ ಒಡಂಬಡಿಕೆಯ 46, ಹೊಸ ಒಡಂಬಡಿಕೆಯ 27, ಒಟ್ಟು 73 ಗ್ರಂಥಗಳಿವೆ. ಪ್ರೊಟೆಸ್ಟೆಂಟ್ ಸಹೋದರರ ಸತ್ಯವೇದದಲ್ಲಿ 66. ತೋಬಿತ, ಯೂದಿತ, ಮಕ್ಕಾಬಿಯರು ಮುಂತಾದ ಏಳು ಗ್ರಂಥಗಳು ಅದರಲ್ಲಿ ಇರುವುದಿಲ್ಲ. ಪಕ್ಕದ ಮನೆಯವರ ಪುಸ್ತಕ ಬೇರೆ ಇದೆಯಲ್ಲಾ ಎಂದು ಗಾಬರಿಯಾಗಬೇಡಿ. ಈ 73ರಲ್ಲಿ ಚರಿತ್ರೆ ಇದೆ, ಹಾಡು ಇದೆ, ಕಾನೂನು ಇದೆ, ಗಾದೆ ಇದೆ, ಕಾಗದಗಳಿವೆ. ಹಾಡನ್ನು ಕಾನೂನಿನ ಹಾಗೆ ಓದಿದರೆ ಅರ್ಥ ಕೆಡುತ್ತದೆ.

ಹಾಗಾದರೆ ಎಲ್ಲಿಂದ ಶುರು? ಮೊದಲ ಪುಟದಿಂದ ಬೇಡ. ಬೆಟ್ಟದ ಬುಡದಲ್ಲಿ ಹುಡುಗರನ್ನು ನೋಡಿದ್ದೀರಲ್ಲ, ಮೊದಲ ಐವತ್ತು ಮೆಟ್ಟಿಲು ಓಡಿ ಹತ್ತಿ ಆಮೇಲೆ ನಾಲಿಗೆ ಹೊರಹಾಕಿ ಕೂತುಬಿಡುತ್ತಾರೆ. ಹೊಸ ವರ್ಷದ ದಿನ ಆದಿಕಾಂಡ ಹಿಡಿದವರ ಪಾಡೂ ಅದೇ. ಅಬ್ರಹಾಮ, ಯಕೋಬ, ಜೋಸೆಫರ ಕಥೆ ಸರಾಗವಾಗಿ ಸಾಗುತ್ತದೆ. ವಿಮೋಚನಾಕಾಂಡದಲ್ಲಿ ಕೆಂಪು ಸಮುದ್ರ ದಾಟುವ ತನಕವೂ ಚೆನ್ನಾಗಿರುತ್ತದೆ. ಗುಡಾರದ ಅಳತೆ, ಪರದೆಯ ಕೊಂಡಿ, ಆಮೇಲೆ ಯಾಜಕಕಾಂಡದ ಬಲಿಗಳ ನಿಯಮ ಬಂದಾಗ ಪುಸ್ತಕ ಪೀಠಕ್ಕೆ ವಾಪಸ್. ಅವು ಬೇಡದ ಭಾಗಗಳಲ್ಲ, ಆದರೆ ಹೊಸಬರಿಗೆ ಮೊದಲ ತುತ್ತಲ್ಲ.

ಸಂತ ಮಾರ್ಕರ ಶುಭಸಂದೇಶದಿಂದ ಶುರು ಮಾಡಿ. ನಾಲ್ಕು ಶುಭಸಂದೇಶಗಳಲ್ಲಿ ಚಿಕ್ಕದು ಅದೇ, 16 ಅಧ್ಯಾಯ. ದಿನಕ್ಕೊಂದು ಓದಿದರೆ ಹದಿನಾರು ದಿನ. ಯೇಸುಸ್ವಾಮಿ ಅದರಲ್ಲಿ ನಡೆಯುತ್ತಲೇ ಇರುತ್ತಾರೆ. ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿಬಿಡುತ್ತಾರೆ, ಜೆರಿಕೋ ದಾರಿಯಲ್ಲಿ ಭಿಕ್ಷೆ ಬೇಡುವ ಕುರುಡ ಕೂಗಿದರೆ ನಿಂತುಬಿಡುತ್ತಾರೆ. ಮುಗಿದ ಮೇಲೆ ಇನ್ನೊಮ್ಮೆ ಮೊದಲಿಂದ ಓದಿ. ಯಾಕೆಂದರೆ 8ನೇ ಅಧ್ಯಾಯದಲ್ಲಿ ಬೆತ್ಸಾಯಿದದ ಒಬ್ಬ ಕುರುಡ ಬರುತ್ತಾನೆ. ಸ್ವಾಮಿ ಮೊದಲ ಸಲ ಮುಟ್ಟಿದಾಗ ಅವನಿಗೆ ಅರೆಬರೆ ಕಾಣುತ್ತದೆ, ನಡೆದಾಡುವ ಜನ ಮರಗಳಂತೆ ಕಾಣುತ್ತಾರೆ. ಎರಡನೇ ಸಲ ಕೈಯಿಟ್ಟಾಗ ಸ್ಪಷ್ಟವಾಗುತ್ತದೆ. ಈ ಘಟನೆ ಮಾರ್ಕರಲ್ಲಿ ಮಾತ್ರ ಇದೆ. ನನ್ನಂಥವರಿಗಾಗಿಯೇ ಬರೆದಿಟ್ಟ ಹಾಗಿದೆ!

ಮಾರ್ಕ 10:46 ಎಂದು ಬರೆದಿದ್ದರೆ ಮೊದಲ ಸಂಖ್ಯೆ ಅಧ್ಯಾಯ, ಎರಡನೆಯದು ವಚನ. ಬರೆದ ಸಂತರು ಈ ಸಂಖ್ಯೆಗಳನ್ನು ಹಾಕಿದವರಲ್ಲ. ಅಧ್ಯಾಯಗಳು ಬಂದದ್ದು 13ನೇ ಶತಮಾನದಲ್ಲಿ. ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳನ್ನು 1551ರಲ್ಲಿ ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ ಹಾಕಿದ. ಮನೆಯ ಬಾಗಿಲಿಗೆ ನಂಬರ್ ಇದ್ದ ಹಾಗೆ, ಹುಡುಕಲು ಅನುಕೂಲ. ಬರೀ ನಂಬರ್ ನೋಡಿ ಮನೆಯವರ ಕಷ್ಟಸುಖ ತಿಳಿಯುವುದಿಲ್ಲ.

ಮಾರ್ಕರ ಜೊತೆಗೆ ರಾತ್ರಿ ಮಲಗುವ ಮುಂಚೆ ಒಂದು ಕೀರ್ತನೆ ಓದಿ. 150 ಇವೆ. ಎಲ್ಲವೂ ಸ್ತುತಿ ಅಂದುಕೊಂಡಿದ್ದೆ ನಾನು. 13ನೆಯದು ಓದಿ ನೋಡಿ, ಎಷ್ಟು ಕಾಲ ನನ್ನನ್ನು ಮರೆಯುತ್ತೀರಿ ಎಂದು ದೇವರನ್ನೇ ಕೇಳುತ್ತದೆ. ದೇವರ ಹತ್ತಿರ ಹೀಗೂ ಮಾತಾಡಬಹುದು ಎಂದು ನನಗೆ ಗೊತ್ತಿರಲಿಲ್ಲ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತನ್ನೇ. ಅದನ್ನೂ ಕೊನೆಯವರೆಗೆ ಓದಿ, ಅಳುವಿನಲ್ಲಿ ಶುರುವಾಗಿ ಸ್ತುತಿಯಲ್ಲಿ ನಿಲ್ಲುತ್ತದೆ.

ಶನಿವಾರ ರಾತ್ರಿ ಮಾತ್ರ ಭಾನುವಾರದ ಪೂಜೆಯ ಶುಭಸಂದೇಶವನ್ನು ಮನೆಯವರೆಲ್ಲ ಸೇರಿ ಓದಿಕೊಳ್ಳಿ. ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ ಎಂದು ಮೂರು ವರ್ಷದ ಸುತ್ತು. ಯೊವಾನ್ನರದು ಹೆಚ್ಚಾಗಿ ತಪಸ್ಸುಕಾಲ, ಪಾಸ್ಕಕಾಲಗಳಲ್ಲಿ ಬರುತ್ತದೆ. ಅಕ್ಷರ ಸಣ್ಣದು, ಕಣ್ಣು ಕಾಣುವುದಿಲ್ಲ ಎನ್ನುವ ಹಿರಿಯರು ಮೊಮ್ಮಕ್ಕಳ ಕೈಲಿ ಓದಿಸಿ. ಈಗ ಮೊಬೈಲಿನಲ್ಲಿ ಕೇಳಲೂ ಸಿಗುತ್ತದೆ. ಅರ್ಥವಾಗದ ಕಡೆ ಪೆನ್ಸಿಲಿನಿಂದ ಗುರುತು ಹಾಕಿ, ಗುರುಗಳನ್ನೋ ಉಪದೇಶಿಗಳನ್ನೋ ಕೇಳಿ. ಕೇಳುವುದು ಅವಿಶ್ವಾಸ ಅಲ್ಲ. ಈ ಕುರುಡ ಹುಟ್ಟಿದ್ದು ಯಾರ ಪಾಪದಿಂದ, ಇವನದೋ ಇವನ ತಂದೆತಾಯಿಯದೋ ಎಂದು ಶಿಷ್ಯರೇ ಕೇಳಿದ್ದರು. ಯಾರದೂ ಅಲ್ಲ ಎಂದರು ಸ್ವಾಮಿ. ಯೊವಾನ್ನ 9ನೇ ಅಧ್ಯಾಯದಲ್ಲಿದೆ.

ಆ ತಾಯಿಯ ವಿಳಾಸ ನನ್ನ ಹತ್ತಿರ ಇರಲಿಲ್ಲ. ರಸೀದಿಯ ಪ್ರತಿಯಲ್ಲಿ ಮಗನ ಹೆಸರು ಮಾತ್ರ ಇತ್ತು. ಯೋಬ 42:7 ಎಂದು ಚೀಟಿ ಬರೆದು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಮರು ವರ್ಷದ ಹಬ್ಬಕ್ಕೆ ಬಂದರು. ಕಿಟಕಿ ಬಿಟ್ಟು ಹೊರಗೆ ಬಂದು ಚೀಟಿ ಕೊಟ್ಟೆ. ಅವರು ನಿಂತಲ್ಲೇ ಬೆರಳಿಟ್ಟುಕೊಂಡು ಓದಿದರು, ಎರಡು ಸಲ.

"ಹಾಗಾದ್ರೆ ಅದು ದೇವರು ಹೇಳಿದ್ದಲ್ವಾ ಅಣ್ಣಾ?"

"ಅಲ್ಲ ಅಮ್ಮಾ. ಬಿಲ್ದದ ಹೇಳಿದ್ದು."

ಹಳೆಯ ಪುಟ ಹುಡುಕಿ, ಮಡಿಸಿದ್ದ ಮೂಲೆಯನ್ನು ಬಿಡಿಸಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ನೇರ ಮಾಡಿದರು. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಾರ್ಕ ಎಲ್ಲಿ ಬರುತ್ತೆ ಎಂದು ಕೇಳಿ, ಮೆಟ್ಟಿಲ ಮೇಲೆ ನೆರಳಿದ್ದ ಕಡೆ ಕೂತು ಮೊದಲನೇ ಅಧ್ಯಾಯ ತೆರೆದರು.