ತುತ್ತಿನ ಬಣ್ಣ

ಬೇಸಿಗೆಯಲ್ಲಿ ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಬಂದಿಳಿಯುವ ರಾಜಹಂಸಗಳನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಅದು ರೆಕ್ಕೆ ಬಿಚ್ಚಿದರೆ ಗುಲಾಬಿ ಬಣ್ಣ ಕಣ್ಸೆಳೆಯುತ್ತದೆ. ಆದರೆ ಆ ಬಣ್ಣ ಹುಟ್ಟಿನಿಂದ ಬಂದುದಲ್ಲ. ಮರಿಯ ಮೈ ಬೂದು. ಈ ಹಕ್ಕಿ ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿ ಅದ್ದುತ್ತದೆ, ನಾಲಿಗೆಯಿಂದ ನೀರನ್ನು ಎಳೆದು ಹೊರದೂಡುತ್ತದೆ, ಕೊಕ್ಕಿನ ಅಂಚಿನ ಜರಡಿಯಲ್ಲಿ ಕೆಸರನ್ನು ಸೋಸಿ ಪಾಚಿ, ಸಣ್ಣ ಸೀಗಡಿಗಳನ್ನು ನುಂಗುತ್ತದೆ. ಅವುಗಳಲ್ಲಿರುವ ಬಣ್ಣವೇ ಎರಡು ಮೂರು ವರ್ಷಗಳಲ್ಲಿ ಗರಿಗಳಿಗೆ ಇಳಿಯುತ್ತದೆ.

ಹಿಂದೆ ಮೃಗಾಲಯಗಳಲ್ಲಿ ಇವುಗಳಿಗೆ ಹೊಟ್ಟೆ ತುಂಬ ಆಹಾರ ಸಿಗುತ್ತಿತ್ತು. ಆದರೂ ಹಳೆಯ ಗರಿ ಉದುರಿ ಹೊಸದು ಬಂದಾಗ ಬಣ್ಣ ಮಾಸಿರುತ್ತಿತ್ತು. ಕಾರಣ ತಿಳಿದ ಮೇಲೆ ಆ ವರ್ಣದ್ರವ್ಯವನ್ನು ಆಹಾರದಲ್ಲಿ ಬೆರೆಸಿ ಕೊಡಲಾಯಿತು, ಬಣ್ಣ ಮರಳಿತು.

ಪ್ರಿಯ ಓದುಗರೇ, ಹೊಟ್ಟೆ ತುಂಬಿದ ಮಾತ್ರಕ್ಕೆ ಆಹಾರದ ಲೆಕ್ಕ ಮುಗಿಯುವುದಿಲ್ಲ. ಭೂಮಿಯಲ್ಲಿರುವ ಧರ್ಮಸಮ್ಮತ ಮತ್ತು ಶುದ್ಧವಾದುದನ್ನು ತಿನ್ನಿರೆಂದು ಅಲ್ಲಾಹನು ಸೂರಃ ಅಲ್‌ಬಕರದಲ್ಲಿ ಸಮಸ್ತ ಮಾನವರಿಗೆ ಆದೇಶಿಸಿದ್ದಾನೆ. ಪ್ರವಾದಿವರ್ಯರು(ಸ) ಒಬ್ಬ ಪ್ರಯಾಣಿಕನ ಕುರಿತು ಹೇಳಿದ್ದಾರೆ. ಅವನ ತಲೆಗೂದಲು ಕೆದರಿದೆ, ಮೈ ಧೂಳಾಗಿದೆ, ಆಕಾಶದ ಕಡೆ ಕೈ ಚಾಚಿ ಪ್ರಭುವನ್ನು ಕರೆಯುತ್ತಿದ್ದಾನೆ. ಆದರೆ ಅವನ ಅನ್ನ, ಪಾನೀಯ, ಉಡುಪು ಎಲ್ಲವೂ ಹರಾಮ್. ಅಂಥವನ ಪ್ರಾರ್ಥನೆಗೆ ಉತ್ತರ ಸಿಗುವುದಾದರೂ ಹೇಗೆ?

ನಮಾಝ್ ತಪ್ಪಿಸದ ನಾವು ಇದನ್ನು ಎಷ್ಟು ಸಲ ನೆನೆಯುತ್ತೇವೆ? ಯಲಬುರ್ಗಾ ಸೀಮೆಯ ನಮ್ಮ ಮಂಗಳೂರಿನಲ್ಲಿ ಸಜ್ಜೆ, ಕಡಲೆ ತೂಗುವ ಕೈಯಾಗಲಿ, ಗಂಗಾವತಿಯಲ್ಲಿ ಭತ್ತ ಕೊಳ್ಳುವ ಕೈಯಾಗಲಿ, ಮುಷ್ಟಿಯಷ್ಟು ಕದ್ದರೂ ಅದು ಮನೆಯ ಒಲೆಗೇ ಬರುತ್ತದೆ. ಸೋದರಿಗೆ ಸಲ್ಲಬೇಕಾದ ಪಾಲನ್ನು ಉಳಿಸಿಕೊಂಡ ಹೊಲದ ಜೋಳವೂ ಅದೇ ತಟ್ಟೆಗೆ ಬೀಳುತ್ತದೆ. "ಎಲ್ಲಾ ಮಕ್ಕಳಿಗಾಗಿ ತಾನೆ?" ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ.

ಮಕ್ಕಳ ಮಾತು ಬಂದಾಗ ಆ ಹಕ್ಕಿಯನ್ನೇ ನೋಡಿ. ತಂದೆ ತಾಯಿ ಎರಡೂ ತಮ್ಮ ಗಂಟಲಿನೊಳಗೆ ಸ್ರವಿಸುವ ಕೆಂಪು ಹಾಲನ್ನು ಮರಿಯ ಬಾಯಿಗೆ ಹನಿಸುತ್ತವೆ. ಉಣಿಸಿ ಉಣಿಸಿ ಅವುಗಳ ಬಣ್ಣವೇ ಮಂಕಾಗುವುದುಂಟು. ತಾವು ಸೋಸಿ ತಿಂದುದರ ಸಾರವನ್ನೇ ಅವು ಮರಿಗೆ ಕೊಡುತ್ತವೆ. ನಾವು ಮಕ್ಕಳಿಗೆ ಕೊಡುವುದೂ ನಮ್ಮ ಸಂಪಾದನೆಯ ಸಾರವನ್ನೇ. ಅದು ಎಲ್ಲಿಂದ ಬಂತೆಂದು ಕೇಳುವ ಬುದ್ಧಿ ಮಗುವಿಗಿಲ್ಲ. ಕೇಳಿಕೊಳ್ಳುವ ಹೊಣೆ ನಮ್ಮದು.

ಹಕ್ಕಿಗೆ ಅಲ್ಲಾಹನು ಕೊಕ್ಕಿನಲ್ಲೇ ಜರಡಿ ಇಟ್ಟನು. ನಮಗೆ ವಿವೇಕವನ್ನೂ ಶರೀಅತನ್ನೂ ಕೊಟ್ಟನು. ಇಂದು ರಾತ್ರಿ ಬಿಸ್ಮಿಲ್ಲಾ ಹೇಳಿ ರೊಟ್ಟಿ ಮುರಿಯುವ ಮುನ್ನ, ಅದರಲ್ಲಿ ಯಾರ ಹಕ್ಕಾದರೂ ಸೇರಿದೆಯೇ ಎಂದು ಒಮ್ಮೆ ಯೋಚಿಸಿರಿ. ಸೇರಿದ್ದರೆ ನಾಳೆಯೇ ಅವರಿಗೆ ಮರಳಿಸಿರಿ.

ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಹಲಾಲ್ ಅನ್ನವನ್ನು ಕರುಣಿಸಲಿ. ಆಮೀನ್.